ಅಮ್ಮನ ಪ್ರಶ್ನೆ, ಪರೇಲ್‌ನ ಲೆಕ್ಕ: ಸ್ತನ ಕ್ಯಾನ್ಸರ್ ಮತ್ತು ವಯಸ್ಸು

ಹೋದ ತಿಂಗಳು ಊರಿಂದ ಅಮ್ಮ ಫೋನ್ ಮಾಡಿದ್ರು. ಒಂದ್ಸಲ ಎದೆ ಪರೀಕ್ಷೆ ಮಾಡಿಸ್ಕೋ ಅಂದೆ. "ನನಗೆ ಐವತ್ತಾರು ಕಣೇ, ಇನ್ನೇನು ಟೆಸ್ಟು? ನಮ್ಮ ದೇಶದಲ್ಲಿ ಅದು ನಿನ್ನ ವಯಸ್ಸಿನವರಿಗೆ ಬರೋದಂತೆ" ಅಂದ್ರು. ವಾಟ್ಸಾಪ್ ಜ್ಞಾನ!

ಪೂರ್ತಿ ಸುಳ್ಳೂ ಅಲ್ಲ. ಭಾರತದ ರೋಗಿಗಳ ಸರಾಸರಿ ವಯಸ್ಸು ಪಶ್ಚಿಮದವರಿಗಿಂತ ಸುಮಾರು ಹತ್ತು ವರ್ಷ ಕಡಿಮೆ. ಆದರೆ ನಮ್ಮಲ್ಲಿ ಜನಸಂಖ್ಯೆಯೇ ಎಳೆಯದು. ಡೇಟಾ ನೋಡುವ ನಮಗೆ ಗೊತ್ತಲ್ಲ, ಛೇದ ನೋಡದೆ ಅಂಶ ಮಾತ್ರ ನೋಡಬಾರದು. ಆ ಛೇದ ಇಟ್ಟುಕೊಂಡು ಲೆಕ್ಕ ಮಾಡೋಕೆ ಅಂತಲೇ 1963ರಲ್ಲಿ ಮುಂಬೈನಲ್ಲಿ ಕ್ಯಾನ್ಸರ್ ನೋಂದಣಿ ಶುರುವಾಯ್ತು, ದೇಶದಲ್ಲೇ ಮೊದಲು. ಲಕ್ಷಕ್ಕೆ ಎಷ್ಟು ಅಂತ ಕೇಳಿದರೆ, ಐವತ್ತು ದಾಟಿದವರಲ್ಲಿ ಈ ಕಾಯಿಲೆ ಮೂವತ್ತರವರಿಗಿಂತ ತುಂಬಾ ಹೆಚ್ಚು.

ಇನ್ನೊಂದು ಲೆಕ್ಕ ಪರೇಲ್‌ನ ಟಾಟಾ ಮೆಮೋರಿಯಲ್ ಆಸ್ಪತ್ರೆಯದು. 1998ರಲ್ಲಿ ಅಲ್ಲಿನ ವೈದ್ಯರು ಮುಂಬೈನ ಬಡ ಬಸ್ತಿಗಳಲ್ಲಿ 35ರಿಂದ 64 ವರ್ಷದ 1,51,538 ಮಹಿಳೆಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರಿಂದ ಎರಡು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷೆ, ನಾಲ್ಕು ಸುತ್ತು. ಮ್ಯಾಮೊಗ್ರಫಿ ಯಂತ್ರ ಇಲ್ಲ. ಇನ್ನೊಂದಕ್ಕೆ ತಿಳಿವಳಿಕೆ ಮಾತ್ರ. ಆಮೇಲೂ ಮನೆಮನೆಗೆ ಹೋಗಿ ವಿಚಾರಿಸುತ್ತಲೇ ಇದ್ದರು.

ಇಂದ್ರನೀಲ್ ಮಿತ್ರಾ ಮತ್ತು ಸಂಗಡಿಗರ ಫಲಿತಾಂಶ 2021ರಲ್ಲಿ ಬಂತು. ಮುಂದುವರಿದ ಹಂತದಲ್ಲಿ (3 ಮತ್ತು 4) ಪತ್ತೆಯಾದವರು ಪರೀಕ್ಷೆಯ ಗುಂಪಿನಲ್ಲಿ ಶೇ. 37, ಇನ್ನೊಂದರಲ್ಲಿ ಶೇ. 47. ಸ್ತನ ಕ್ಯಾನ್ಸರ್‌ನಿಂದಾದ ಸಾವು ಒಟ್ಟಾರೆ ಶೇ. 15 ಕಡಿಮೆ, ಆದರೆ ಅಷ್ಟು ವ್ಯತ್ಯಾಸ ಆಕಸ್ಮಿಕವೂ ಇರಬಹುದು. ವಯಸ್ಸಿನ ಪ್ರಕಾರ ಒಡೆದು ನೋಡಿದಾಗ, 50 ಮತ್ತು ಮೇಲ್ಪಟ್ಟವರಲ್ಲಿ ಸಾವು ಸುಮಾರು ಶೇ. 30 ಇಳಿದಿತ್ತು. 50ರ ಒಳಗಿನವರಲ್ಲಿ ಹೇಳಿಕೊಳ್ಳುವಂಥ ಇಳಿಕೆ ಇಲ್ಲ.

ಯಾಕಿರಬಹುದು? ಚಿಕ್ಕ ವಯಸ್ಸಿನಲ್ಲಿ ಸ್ತನದ ಅಂಗಾಂಶ ದಟ್ಟ, ಗಂಟು ಕೈಗೆ ಸಿಗೋದು ಕಷ್ಟ. ಬೇಗ ಬೆಳೆಯುವ, ಹಾರ್ಮೋನ್ ಔಷಧಿಗೆ ಬಗ್ಗದ ಗೆಡ್ಡೆಗಳೂ ಆ ವಯಸ್ಸಿನಲ್ಲಿ ಹೆಚ್ಚು. ಎರಡು ವರ್ಷದ ಮಧ್ಯೆಯೇ ಅವು ದೊಡ್ಡದಾಗಬಹುದು.

ಹಾಗಂತ ನಮ್ಮ ವಯಸ್ಸಿನವರು ಸುಮ್ಮನಿರಬಹುದು ಅಂತಲ್ಲ. ಈ ಅಧ್ಯಯನ ಏನೂ ತೊಂದರೆ ಕಾಣದವರನ್ನು ತಪಾಸಣೆ ಮಾಡಿದ್ದು. ಗಂಟು ಕೈಗೆ ಸಿಕ್ಕಿದರೆ ಅದು ಬೇರೆಯೇ ಕತೆ. ಆಗ "ರಿಲೀಸ್ ಮುಗೀಲಿ" ಅಂತ ಕಾಯಬೇಡಿ.

ಅಮ್ಮನಿಗೆ ಇಷ್ಟನ್ನೂ ಹೇಳಿದೆ. "ಯಂತ್ರ ಇಲ್ಲದೇನೂ ಆಗತ್ತಾ?" ಅಂದ್ರು. ಆಗತ್ತಮ್ಮ, ನಿನ್ನ ವಯಸ್ಸಿನವರಿಗೇ ಅದರಿಂದ ಹೆಚ್ಚು ಉಪಯೋಗ ಅಂದೆ. ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ನಾನೇ ಕರ್ಕೊಂಡು ಹೋಗ್ತೀನಿ. ನೀವೂ ಇವತ್ತು ಮನೆಗೊಂದು ಫೋನ್ ಮಾಡಿ.