ಕಾಂಗೋ ಸುಧಾರಣಾ ಚಳವಳಿ: ಕೃತ, ಕಾರಿತ, ಅನುಮತ

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಆಸ್ರವವನ್ನು ನಿರೂಪಿಸುವಾಗ ಕೃತ, ಕಾರಿತ, ಅನುಮತವೆಂಬ ಮೂರು ಭೇದಗಳನ್ನು ಹೇಳುತ್ತದೆ. ತಾನೇ ಮಾಡಿದ್ದು, ಪರರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ಸಮ್ಮತಿಸಿದ್ದು. ಹಿಂಸೆಯ ಹೊಣೆ ಈ ಮೂರರಲ್ಲಿಯೂ ಉಂಟು. ಅಂತಾರಾಷ್ಟ್ರೀಯ ಮಾನವ ಹಕ್ಕುಗಳ ಹೋರಾಟದ ಆರಂಭಿಕ ಅಧ್ಯಾಯಗಳಲ್ಲಿ ಒಂದಾದ ಕಾಂಗೋ ಸುಧಾರಣಾ ಚಳವಳಿಯನ್ನು ಅಭ್ಯಸಿಸುವಾಗ ಈ ವಿಭಾಗವು ನೆನಪಿಗೆ ಬರುತ್ತದೆ.

1884–85ರ ಬರ್ಲಿನ್ ಸಮ್ಮೇಳನದ ಸಂದರ್ಭದಲ್ಲಿ ಬೆಲ್ಜಿಯಂನ ದೊರೆ ಎರಡನೆಯ ಲಿಯೋಪೋಲ್ಡನು ಕಾಂಗೋ ಪ್ರದೇಶದ ಒಡೆತನಕ್ಕೆ ಮನ್ನಣೆ ಪಡೆದನು. ಗುಲಾಮರ ವ್ಯಾಪಾರದ ನಿರ್ಮೂಲನ, ಮೂಲನಿವಾಸಿಗಳ ಕಲ್ಯಾಣ ಎಂಬವು ಆತನ ಘೋಷಣೆಗಳಾಗಿದ್ದವು. ಮಾನವೀಯತೆಯ ಭಾಷೆಯೇ ಇಲ್ಲಿ ಸುಲಿಗೆಯ ಮುಸುಕಾಯಿತು. 1888ರಲ್ಲಿ ಡನ್ಲಪ್ ಗಾಳಿ ತುಂಬುವ ಟೈರನ್ನು ರೂಪಿಸಿದ ಬಳಿಕ ರಬ್ಬರಿನ ಬೇಡಿಕೆ ಏರಿತು. ನಿಗದಿತ ಪ್ರಮಾಣದ ರಬ್ಬರನ್ನು ತಾರದ ಹಳ್ಳಿಗಳ ಮೇಲೆ ಸೈನಿಕರು ಎರಗಿದರು. ವ್ಯಯಿಸಿದ ಗುಂಡಿಗೆ ಸಾಕ್ಷಿಯಾಗಿ ಕತ್ತರಿಸಿದ ಕೈಯನ್ನು ಒಪ್ಪಿಸಬೇಕಾಗಿತ್ತು.

ಇದನ್ನು ಬಯಲಿಗೆಳೆದವರಲ್ಲಿ ಪ್ರಮುಖನಾದ ಇ. ಡಿ. ಮೊರೆಲ್ ಲಿವರ್‌ಪೂಲಿನ ಹಡಗು ಸಂಸ್ಥೆಯೊಂದರ ಗುಮಾಸ್ತ. ಆಂಟ್‌ವರ್ಪ್ ಬಂದರಿಗೆ ರಬ್ಬರು, ದಂತಗಳು ರಾಶಿರಾಶಿಯಾಗಿ ಬರುತ್ತಿದ್ದವು. ಮರಳುವ ಹಡಗುಗಳಲ್ಲಿ ಹೆಚ್ಚಾಗಿ ಬಂದೂಕು, ಮದ್ದುಗುಂಡುಗಳಿರುತ್ತಿದ್ದವು. ಬಂದ ಸರಕಿಗೆ ಪ್ರತಿಯಾಗಿ ಬೆಲೆ ಸಲ್ಲುತ್ತಿಲ್ಲವೆಂದರೆ ಅದು ವ್ಯಾಪಾರವಲ್ಲ, ಬಲವಂತದ ದುಡಿಮೆ ಎಂದು ಆತ ಲೆಕ್ಕದ ಪುಸ್ತಕಗಳಿಂದಲೇ ಊಹಿಸಿದನು. ಬ್ರಿಟಿಷ್ ಕಾನ್ಸಲ್ ರೋಜರ್ ಕೇಸ್‌ಮೆಂಟ್ 1903ರಲ್ಲಿ ಕಾಂಗೋ ನದಿಯ ಮೇಲ್ಭಾಗದಲ್ಲಿ ಸಂಚರಿಸಿ ಸಿದ್ಧಪಡಿಸಿದ ವರದಿ ಮರುವರ್ಷ ಪ್ರಕಟವಾಯಿತು. 1904ರಲ್ಲಿಯೇ ಕಾಂಗೋ ಸುಧಾರಣಾ ಸಂಘ ಸ್ಥಾಪನೆಗೊಂಡಿತು. ತನ್ನ ಐದು ವರ್ಷದ ಮಗಳ ಕಡಿದ ಕೈಕಾಲುಗಳ ಮುಂದೆ ಕುಳಿತ ನ್ಸಾಲನೆಂಬ ತಂದೆಯ ಛಾಯಾಚಿತ್ರವನ್ನು ಮಿಷನರಿ ಆಲಿಸ್ ಸೀಲಿ ಹ್ಯಾರಿಸ್ ತೆಗೆದದ್ದು ಆ ವರ್ಷವೇ. ಮಾರ್ಕ್ ಟ್ವೈನ್, ಕಾನನ್ ಡಾಯ್ಲ್ ಚಳವಳಿಗೆ ಲೇಖನಿಯ ಬಲವಿತ್ತರು. ಕೊನೆಗೆ 1908ರಲ್ಲಿ ಲಿಯೋಪೋಲ್ಡನು ಕಾಂಗೋವನ್ನು ಬೆಲ್ಜಿಯಂ ಸರ್ಕಾರಕ್ಕೆ ಬಿಟ್ಟುಕೊಡಬೇಕಾಯಿತು.

ಆದರೆ ಈ ಕಥನದಲ್ಲಿ ಮಾತನಾಡುವವರು ಬಹುತೇಕ ಯುರೋಪ್, ಅಮೆರಿಕಗಳವರೇ. ಲಿಯೋಪೋಲ್ಡನೇ ನೇಮಿಸಿದ ವಿಚಾರಣಾ ಆಯೋಗದ ಮುಂದೆ ಬೊಲಿಮಾದ ಮುಖಂಡ ಲೊಂಟುಲು 110 ಕಡ್ಡಿಗಳನ್ನು ಇರಿಸಿದನು. ರಬ್ಬರಿಗಾಗಿ ಹತರಾದ ತನ್ನವರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಡ್ಡಿ. ಅಂದು ಆಫ್ರಿಕನ್ನರು ನುಡಿದ ಸಾಕ್ಷ್ಯಗಳು ಬಹುಕಾಲ ದಫ್ತರಗಳಲ್ಲಿಯೇ ಉಳಿದವು. ಜಗತ್ತು ನ್ಸಾಲನ ಚಿತ್ರವನ್ನು ಕಂಡಿತು, ಲೊಂಟುಲುವಿನ ಮಾತನ್ನು ಕೇಳಲಿಲ್ಲ.

ನಾಯಕರ ಮುಂದಿನ ಜೀವನವೂ ವಿಚಾರಾರ್ಹ. ಕೇಸ್‌ಮೆಂಟ್ ಐರ್ಲೆಂಡಿನ ಸ್ವಾತಂತ್ರ್ಯಕ್ಕಾಗಿ ದುಡಿದು 1916ರಲ್ಲಿ ರಾಜದ್ರೋಹದ ಆರೋಪದಡಿ ಗಲ್ಲಿಗೇರಿದನು. ಅನ್ಯರ ನಾಡಿನ ನೋವಿಗೆ ಮರುಗಿದವನನ್ನು ಸನ್ಮಾನಿಸಿದ್ದ ಸಾಮ್ರಾಜ್ಯವು ತನ್ನ ಆಳ್ವಿಕೆಯನ್ನೇ ಪ್ರಶ್ನಿಸಿದಾಗ ಕ್ಷಮಿಸಲಿಲ್ಲ. ಮೊರೆಲ್ ಯುದ್ಧವನ್ನು ವಿರೋಧಿಸಿ 1917ರಲ್ಲಿ ಸೆರೆಮನೆ ಕಂಡನು. ಆದರೆ 1920ರಲ್ಲಿ ರೈನ್ ಪ್ರಾಂತದಲ್ಲಿದ್ದ ಆಫ್ರಿಕನ್ ಸೈನಿಕರ ವಿರುದ್ಧ ಜನಾಂಗದ್ವೇಷದ ಪುಸ್ತಿಕೆಯನ್ನೂ ಬರೆದನು. ಕಾಡಿನಲ್ಲಿ ನರಳುವ ಆಫ್ರಿಕನ್ನನಿಗೆ ದೊರೆತ ಕರುಣೆ ಯುರೋಪಿನ ಬೀದಿಯಲ್ಲಿ ನಡೆಯುವ ಆಫ್ರಿಕನ್ನನಿಗೆ ದೊರೆಯಲಿಲ್ಲ.

ಈ ಲೋಪವು ಚಳವಳಿಯ ಸಾಧನೆಯನ್ನು ಅಳಿಸದು. ಕೈ ಕತ್ತರಿಸಿದವನದು ಕೃತ, ಕತ್ತರಿಸಲು ಕಟ್ಟಳೆ ಮಾಡಿದವನದು ಕಾರಿತ. ದೂರದ ನಗರದಲ್ಲಿ ಟೈರು ಕೊಂಡವನಿಗೆ ಮೊದಲು ತಿಳಿವಳಿಕೆ ಇರಲಿಲ್ಲ. ಮೊರೆಲ್, ಹ್ಯಾರಿಸ್ ಮೊದಲಾದವರು ಆ ಅಜ್ಞಾನವನ್ನು ಕಳೆದರು. ತಿಳಿದ ಮೇಲಿನ ಮೌನವು ಅನುಮತವೇ ಆಗುತ್ತದೆ.