ಸಾಲ ಇರೋನಿಗೆ ದೇಶದ ಗುಟ್ಟು ಕೊಡಬಹುದಾ?

ಇವತ್ತು ಸೀದಾ ಕತೆಗೇ ಬರ್ತೀನಿ.

1985ರ ಏಪ್ರಿಲ್ 16. ವಾಷಿಂಗ್ಟನ್‌ನ ಸೋವಿಯತ್ ರಾಯಭಾರ ಕಚೇರಿಗೆ ಒಬ್ಬ ಅಮೆರಿಕನ್ ಹೋಗಿ ಒಂದು ಕವರ್ ಕೊಡ್ತಾನೆ. ಒಳಗೆ ಒಂದಷ್ಟು ರಹಸ್ಯ ಮಾಹಿತಿ, ಜೊತೆಗೆ ಒಂದು ಬೇಡಿಕೆ: 50,000 ಡಾಲರ್. ಆಸಾಮಿ ಹೆಸರು ಆಲ್ಡ್ರಿಚ್ ಏಮ್ಸ್. ಸಿಐಎಯಲ್ಲಿ ಸೋವಿಯತ್ ಬೇಹುಗಾರಿಕೆ ತಡೆಯೋ ಶಾಖೆಗೇ ಮುಖ್ಯಸ್ಥ!

ಯಾಕೆ ಹೀಗೆ ಮಾಡಿದ? ಸಿದ್ಧಾಂತ ಗಿದ್ಧಾಂತ ಏನಿಲ್ಲ. ವಿಚ್ಛೇದನದ ಖರ್ಚು, ಎರಡನೇ ಮದುವೆಯ ತಯಾರಿ, ಬೆಳೀತಾ ಇದ್ದ ಸಾಲ. ಒಂದು ಸಲ ದುಡ್ಡು ತಗೊಂಡು ಸುಮ್ಮನಾಗ್ತೀನಿ ಅಂದ್ಕೊಂಡಿದ್ದ. ಜೂನ್ ಹೊತ್ತಿಗೆ ಅಮೆರಿಕದ ಪರ ಕೆಲಸ ಮಾಡ್ತಿದ್ದ ಸೋವಿಯತ್ ಗೂಢಚಾರರ ಹೆಸರುಗಳನ್ನೇ ಒಪ್ಪಿಸಿಬಿಟ್ಟಿದ್ದ. ಅವರಲ್ಲಿ ಕನಿಷ್ಠ 10 ಜನಕ್ಕೆ ಮರಣದಂಡನೆ ಆಯ್ತು.

ಇವನೇ ಮೊದಲಿಗನಲ್ಲ. 1960ರ ದಶಕದ ಕೊನೆಯಲ್ಲಿ, ತಾನು ಕೊಂಡಿದ್ದ ಬಾರ್ ನಷ್ಟದಲ್ಲಿದ್ದಾಗ, ನೌಕಾಪಡೆಯ ಜಾನ್ ವಾಕರ್ ಅದೇ ಕಚೇರಿಯ ಬಾಗಿಲು ತಟ್ಟಿದ್ದ. ಎನ್‌ಎಸ್‌ಎಯ ರೊನಾಲ್ಡ್ ಪೆಲ್ಟನ್ 1979ರಲ್ಲಿ ದಿವಾಳಿ ಅರ್ಜಿ ಹಾಕಿ, ಕೆಲಸ ಬಿಟ್ಟು, 1980ರ ಜನವರಿಯಲ್ಲಿ ಅಲ್ಲಿಗೇ ಹೋದ. ಕಾಗದ ಪತ್ರ ಒಯ್ಯೋದೂ ಬೇಕಾಗ್ಲಿಲ್ಲ, ಎಲ್ಲಾ ತಲೆಯಲ್ಲೇ ಇತ್ತು. ಒಖೋಟ್ಸ್ಕ್ ಸಮುದ್ರದ ತಳದ ಸೋವಿಯತ್ ಕೇಬಲ್‌ಗೆ ಅಮೆರಿಕ ಕಿವಿ ಇಟ್ಟಿದ್ದನ್ನ ಹೇಳಿಬಿಟ್ಟ. ಸಿಕ್ಕಿದ್ದು 35,000 ಡಾಲರ್.

ಸೆಕ್ಯುರಿಟಿ ಕ್ಲಿಯರೆನ್ಸ್ ಅಂದ್ರೆ ಸರ್ಕಾರದ ರಹಸ್ಯ ನೋಡೋಕೆ ಸಿಗೋ ಅನುಮತಿ. 1953ರಲ್ಲಿ ಐಸೆನ್‌ಹೋವರ್ ಹೊರಡಿಸಿದ ಆದೇಶವೇ, ಒತ್ತಡಕ್ಕೆ ಬಗ್ಗಬಹುದಾದವರ ಮೇಲೆ ಕಣ್ಣಿಡಿ ಅಂದಿತ್ತು. ಆದರೆ ಏಮ್ಸ್ ಪ್ರಕರಣದ ತಮಾಷೆ ನೋಡಿ. 1989ರಲ್ಲಿ ಅವನು 5,40,000 ಡಾಲರ್ ಮನೆಯನ್ನ ನಗದು ಕೊಟ್ಟೇ ಕೊಂಡ. ಹೋಮ್ ಲೋನ್ ಇಲ್ಲ! ಕಚೇರಿಗೆ ಜಾಗ್ವಾರ್ ಕಾರಲ್ಲಿ ಬರ್ತಿದ್ದ. ಕೇಳಿದವರಿಗೆ ಹೆಂಡತಿ ಕಡೆಯವರು ಕೊಲಂಬಿಯಾದ ಶ್ರೀಮಂತರು ಅಂತಿದ್ದ. ಸುಳ್ಳು ಪತ್ತೆ ಪರೀಕ್ಷೆಯನ್ನೂ 1986, 1991 ಎರಡರಲ್ಲೂ ದಾಟಿದ. ಬಂಧನ ಆಗಿದ್ದು 1994ರ ಫೆಬ್ರವರಿಯಲ್ಲಿ. ಬಿಕಾಂ ಓದಿದ ನನಗೆ ಇದೇ ಹೊಟ್ಟೆ ಉರಿಸೋ ಭಾಗ. ಸಂಬಳ ಎಷ್ಟು, ಖರ್ಚು ಎಷ್ಟು ಅಂತ ಸರಿಯಾಗಿ ಪಕ್ಕಪಕ್ಕ ಇಟ್ಟು ನೋಡೋಕೆ ಅಷ್ಟು ವರ್ಷ ಬೇಕಾಯ್ತಾ?

1995ರಲ್ಲಿ ಕ್ಲಿಂಟನ್ ಹೊಸ ಆದೇಶ ತಂದರು. ಬ್ಯಾಂಕ್, ಕ್ರೆಡಿಟ್ ದಾಖಲೆ ನೋಡೋಕೆ ನೌಕರರು ಒಪ್ಪಿಗೆ ಕೊಡಬೇಕು, ಸೂಕ್ಷ್ಮ ಹುದ್ದೆಗಳಲ್ಲಿರೋರು ಹಣಕಾಸಿನ ವಿವರ ಕೊಡಬೇಕು. ಈಗಿನ ನಿಯಮದಲ್ಲಿ ತೀರಿಸದ ಸಾಲವೂ ಅನುಮಾನ, ಮೂಲ ಗೊತ್ತಿಲ್ಲದ ಸಿರಿವಂತಿಕೆಯೂ ಅನುಮಾನ. ಅರ್ಜಿ ನಮೂನೆಯಲ್ಲಿ 120 ದಿನ ಮೀರಿದ ಬಾಕಿ ಇತ್ತಾ ಅಂತ ನೇರವಾಗೇ ಕೇಳ್ತಾರೆ.

ಹಾಗಂತ ಇಷ್ಟು ಡಾಲರ್ ದಾಟಿದ್ರೆ ಔಟ್ ಅನ್ನೋ ಗೆರೆ ಇಲ್ಲ. ಕೆಲಸ ಹೋಗಿತ್ತಾ, ಆಸ್ಪತ್ರೆ ಬಿಲ್ಲಾ, ವಿಚ್ಛೇದನವಾ, ಆಮೇಲೆ ತೀರಿಸೋ ಪ್ರಯತ್ನ ಮಾಡಿದ್ರಾ ಅಂತ ನೋಡ್ತಾರೆ. ಬೇಕಂತಲೇ ಮುಚ್ಚಿಟ್ರೆ ಮಾತ್ರ ಅದು ಬೇರೆಯದೇ ಆರೋಪ. ಸಂಕಟ ಇರೋದು ಇಲ್ಲೇ. ವಾಕರ್, ಏಮ್ಸ್ ಥರದವರಿಗೆ ಹೆಣೆದ ಬಲೆಗೆ, ಮಗುವಿನ ಆಪರೇಷನ್‌ಗೆ ಸಾಲ ಮಾಡಿದ ಗುತ್ತಿಗೆ ಕಂಪನಿ ಇಂಜಿನಿಯರೂ ಬೀಳಬಹುದು. ಕ್ಲಿಯರೆನ್ಸ್ ಹೋದ್ರೆ ಅವನ ಕೆಲಸಕ್ಕೇ ಕುತ್ತು, ಕೆಲಸ ಹೋದ್ರೆ ಸಾಲ ತೀರಿಸೋದು ಹೇಗೆ?

ಅಂಥ ಗುತ್ತಿಗೆ ನೌಕರರ ಮೇಲ್ಮನವಿ ಕೇಳೋಕೆ ಅಮೆರಿಕದ ರಕ್ಷಣಾ ಇಲಾಖೆಯಲ್ಲಿ ಒಂದು ಕಚೇರಿ ಇದೆ. ತೀರ್ಪುಗಳನ್ನ ಹೆಸರು ತೆಗೆದು ಪ್ರಕಟಿಸ್ತಾರೆ, ಯಾರು ಬೇಕಾದ್ರೂ ಓದಬಹುದು. ಕ್ರೆಡಿಟ್ ಕಾರ್ಡ್, ಆಸ್ಪತ್ರೆ, ತೆರಿಗೆ ಅಂತ ಒಂದೊಂದು ಬಾಕಿಗೂ ಒಂದೊಂದು ಸಾಲು. ಕೊನೇ ಪುಟದಲ್ಲಿ ಪ್ರತಿ ಸಾಲಿನ ಎದುರಿಗೂ ಅರ್ಜಿದಾರರ ಪರ, ಇಲ್ಲಾ ವಿರುದ್ಧ.