ಪ್ಲೇಗಿನ ಚರಿತ್ರೆ: ಯಾವ ಆಧಾರವನ್ನು ನಂಬೋಣ?

1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕಿತು. ಆ ಪಿಡುಗಿನ ಬಗ್ಗೆ ಪ್ರಬಂಧ ಬರೆಯುವುದಾದರೆ ನೀವು ಆಧಾರಗಳನ್ನು ಎಲ್ಲಿ ಹುಡುಕುವಿರಿ?

ಮೊದಲು ಜನಗಣತಿಯನ್ನು ನೋಡಿ. ನಗರ ಹಾಗೂ ದಂಡು ಪ್ರದೇಶ ಸೇರಿ 1891ರಲ್ಲಿ 1,80,366 ಇದ್ದ ಜನಸಂಖ್ಯೆ 1901ರಲ್ಲಿ 1,59,046ಕ್ಕೆ ಇಳಿಯಿತು. ಈ ವ್ಯತ್ಯಾಸವೇ ಸಾವಿನ ಲೆಕ್ಕವೆಂದು ಬರೆದರೆ ತಪ್ಪಾದೀತು. ಹೆದರಿ ಊರು ಬಿಟ್ಟವರೂ ಅದರಲ್ಲಿ ಸೇರಿದ್ದಾರೆ.

ಸರ್ಕಾರಿ ವರದಿಗಳು ದಾಖಲಾದ ಸಾವುಗಳನ್ನಷ್ಟೇ ಹೇಳುತ್ತವೆ. ರೋಗಿಯನ್ನು ಶಿಬಿರಕ್ಕೆ ಒಯ್ದಾರೆಂಬ ಭಯದಿಂದ ಮನೆಯವರು ಮುಚ್ಚಿಟ್ಟ ಸಾವುಗಳು ಅಲ್ಲಿಲ್ಲ. ಆ ಭಯವನ್ನು ಅರಿಯಲು ಪ್ಲೇಗಮ್ಮನ ಗುಡಿಗಳನ್ನೂ ಮನೆತನಗಳಲ್ಲಿ ಉಳಿದುಬಂದ ಮಾತುಗಳನ್ನೂ ಗಮನಿಸಬೇಕು. ಆದರೆ ಅವು ತಾರೀಖಿಗೆ ಸಾಕ್ಷಿಯಾಗಲಾರವು.

ರೋಗದ ಕಾರಣ ತಿಳಿಯಲು ಹಳೆಯ ಕಾಗದವೊಂದೇ ಸಾಲದು. ಅಲೆಕ್ಸಾಂಡರ್ ಯೆರ್ಸಿನ್ 1894ರಲ್ಲಿ ರೋಗಾಣುವನ್ನು ಗುರುತಿಸಿದರು. ಇಲಿಯ ಚಿಗಟ ಅದನ್ನು ಹರಡುತ್ತದೆಂದು ಪಾಲ್-ಲೂಯಿ ಸಿಮೋಂ 1898ರಲ್ಲಿ ಹೇಳಿದರೂ ಹಲವರು ಕೂಡಲೇ ಒಪ್ಪಲಿಲ್ಲ. ಅಂದಿನ ಬರಹವೊಂದು ಕೆಟ್ಟ ಗಾಳಿಯನ್ನು ದೂರಿದ್ದರೆ, ಅದನ್ನು ಅಂದಿನ ನಂಬಿಕೆಗೆ ಸಾಕ್ಷಿಯೆಂದು ಓದಿ. ಕಾರಣಕ್ಕಾಗಿ ಇಂದಿನ ವೈದ್ಯಗ್ರಂಥವನ್ನು ತೆರೆಯಿರಿ.

ಪ್ರತಿ ಆಧಾರವನ್ನೂ ಕೇಳಿ: ಬರೆದವರು ಯಾರು, ಯಾವಾಗ, ಏತಕ್ಕೆ? ಲೆಕ್ಕಕ್ಕೆ ಸಿಗದೆ ಹೋದವರು ಯಾರು?